ಆನಂದಾಶ್ರಮದಲ್ಲಿ ಮೂರು ದಿನ: ಮನಸ್ಸು ಒಲ್ಲದ ಕಡೆಗೆ ಕರೆ ಬಂದವರಿಗೆ

ಕೇರಳದ ಕಾಸರಗೋಡು ಜಿಲ್ಲೆಯ ಕಾಞಂಗಾಡಿನ ಆನಂದಾಶ್ರಮಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಹೇಳುವುದು ಮೂರು ಮಾತು: ಶಾಂತವಾದ ಜಾಗ, ಸಾತ್ವಿಕ ಊಟ, ಯಾರ ಕಿರಿಕಿರಿಯೂ ಇಲ್ಲ. ಮೂರೂ ನಿಜ. ಅಷ್ಟೇ ಸಾಕು ಎನ್ನುವವರು ಮುಂದೆ ಓದದೆಯೂ ಧೈರ್ಯವಾಗಿ ಹೋಗಬಹುದು. ಇದು ಬೇರೊಂದು ಬಗೆಯ ಅತಿಥಿಗೆ ಬರೆದದ್ದು. ಒಳಗಿನಿಂದ ಒಂದು ಮಾತು ಮತ್ತೆ ಮತ್ತೆ ಏಳುತ್ತಿದೆ, ಆದರೆ ಅದು ತೋರಿಸುವ ಕಡೆಗೆ ಕಾಲು ಏಳುತ್ತಿಲ್ಲ. ಪಾಲಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣನ ಮನೆಯ ಜಗಲಿ, ಹಾಸಿಗೆ ಹಿಡಿದ ಅತ್ತೆಯ ಕೋಣೆ, ಯಾರೂ ಒಪ್ಪದ ಊರಿನ ಶಾಲೆಗೆ ವರ್ಗಾವಣೆ, ಕುಡಿದು ಕುಡಿದು ಎಲ್ಲರನ್ನೂ ದೂರ ಮಾಡಿಕೊಂಡ ತಂದೆಯ ಕೊನೆಯ ದಿನಗಳು. ಇಂಥದ್ದೊಂದನ್ನು ಎದೆಯಲ್ಲಿಟ್ಟುಕೊಂಡು ಬರುವವರಿಗೆ ಈ ಆಶ್ರಮ ಎಷ್ಟು ಒದಗುತ್ತದೆ, ಎಲ್ಲಿ ಒದಗುವುದಿಲ್ಲ ಎಂಬುದಷ್ಟೇ ಇಲ್ಲಿಯ ವಿಷಯ.

ಸ್ಥಾಪಕರ ಬದುಕು ಗೊತ್ತಿಲ್ಲದೆ ಹೋದರೆ ಅರ್ಧ ಪ್ರಯೋಜನ ಮಾತ್ರ. ಪಪ್ಪಾ ರಾಮದಾಸರು ಇದೇ ಹೊಸದುರ್ಗದವರು (ಕಾಞಂಗಾಡಿನ ಇನ್ನೊಂದು ಹೆಸರು ಅದು). ಹುಟ್ಟಿದ್ದು 1884ರ ಏಪ್ರಿಲ್ 10ರಂದು, ಹನುಮಜ್ಜಯಂತಿಯ ದಿನ. ಹೆಸರು ವಿಠಲ ರಾವ್. ನೇಯ್ಗೆಯ ತಾಂತ್ರಿಕ ವಿದ್ಯೆ ಕಲಿತು, ಗಿರಣಿಗಳಲ್ಲಿ ದುಡಿದು, ಮಂಗಳೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಸ್ವಂತ ಉದ್ಯಮ ನಡೆಸಿ, ನಷ್ಟ ಮತ್ತು ಸಾಲದಲ್ಲಿ ಬೆಂದವರು. ಆ ಬೇಗೆಯಲ್ಲೇ ರಾಮನಾಮ ಹಿಡಿದರು. ತಂದೆ 'ಶ್ರೀರಾಮ್ ಜಯ್ ರಾಮ್ ಜಯ್ ಜಯ್ ರಾಮ್' ಮಂತ್ರ ಕೊಟ್ಟರು, ಅದರ ಮುಂದೆ ಓಂಕಾರವನ್ನು ಇವರು ಸೇರಿಸಿಕೊಂಡರು. 1922ರ ಡಿಸೆಂಬರ್ ಕೊನೆಯಲ್ಲಿ ಹೆಂಡತಿಗೆ ಪತ್ರ ಬರೆದಿಟ್ಟು, 25 ರೂಪಾಯಿಯೊಂದಿಗೆ ಮಂಗಳೂರು ಬಿಟ್ಟರು. ಶ್ರೀರಂಗದ ಕಾವೇರಿಯಲ್ಲಿ ಮಿಂದು ಕಾವಿ ಉಟ್ಟು ರಾಮದಾಸನಾದರು.

ನಮಗೆ ಬೇಕಾದ್ದು ಆಮೇಲಿನ ಭಾಗ. ಟಿಕೆಟ್ ಇಲ್ಲದ ಸಾಧುವನ್ನು ರೈಲಿನವರು ಎಷ್ಟೋ ಸಲ ನಡುದಾರಿಯಲ್ಲಿ ಇಳಿಸಿದರು. ಇಳಿಸಿದ ನಿಲ್ದಾಣವೇ ರಾಮ ಕರೆತಂದ ಜಾಗ ಎಂದು ಅಲ್ಲೇ ಕೂತು ನಾಮ ಹೇಳಿದರು. ಜೊತೆಗೆ ಸಿಕ್ಕ ಸಾಧು 'ಇಂಥ ಕಡೆಗೆ ಹೋಗುವಾ' ಎಂದರೆ ಅದೂ ರಾಮನ ಅಪ್ಪಣೆಯೇ. ತಿರುವಣ್ಣಾಮಲೈಯಲ್ಲಿ ರಮಣ ಮಹರ್ಷಿಗಳ ದರ್ಶನವಾದ ಮೇಲೆ ಅರುಣಾಚಲದ ಗುಹೆಯೊಂದರಲ್ಲಿ ಇಪ್ಪತ್ತು ದಿನದಷ್ಟು ಇದ್ದರು. ತಿರುಗಿ ಬಂದಾಗ ಮಂಗಳೂರಿನ ಕದ್ರಿ ಗುಡ್ಡದ ಪಂಚಪಾಂಡವ ಗುಹೆ ಹಿಡಿದರು. ಸಾಲಗಾರನೆಂದು, ಮನೆ ಬಿಟ್ಟವನೆಂದು ತನ್ನನ್ನು ಬಲ್ಲ ಅದೇ ಊರು! ಹಿಮಾಲಯಕ್ಕಿಂತ ಅಲ್ಲಿಗೆ ಬಂದು ಕೂರುವುದು ಕಷ್ಟದ್ದು ಎನ್ನುವುದು ಊರು ಬಿಟ್ಟು ಮರಳಿದ ಯಾರಿಗೂ ಗೊತ್ತು. 1928ರಲ್ಲಿ ಕಾಸರಗೋಡಿನ ಪಿಲಿಕುಂಜೆಯಲ್ಲಿ ಮೊದಲ ಆಶ್ರಮ ಆಯಿತು. ಅಲ್ಲಿ ಕಹಿ ಘಟನೆಯೊಂದು ನಡೆದಾಗ ಕಟ್ಟಿದ್ದನ್ನು ಬಿಟ್ಟು ಬಂದರು. 1931ರಲ್ಲಿ ಶಿಷ್ಯೆ ಮಾತಾ ಕೃಷ್ಣಾಬಾಯಿಯವರ ಜೊತೆ ಈಗಿನ ಆನಂದಾಶ್ರಮ ಶುರುವಾಯಿತು.

ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. 1922ರಲ್ಲಿ ಅವರು ಮನೆ ಬಿಟ್ಟದ್ದನ್ನು ಮಾದರಿ ಮಾಡಿಕೊಳ್ಳಬೇಡಿ. ಆ ಮನೆಯಲ್ಲಿ ಹೆಂಡತಿಯೂ ಚಿಕ್ಕ ಮಗಳೂ ಇದ್ದರು. ಕಲಿಯಬೇಕಾದ್ದು ಇಳಿಸಿದ ನಿಲ್ದಾಣದಲ್ಲಿ ಕೂತ ಬಗೆಯನ್ನು. 'ರಾಮದಾಸರಂತೆ ನಾನೂ ಹೊರಡುತ್ತೇನೆ' ಎಂದು ಬರುವವರಿಗಿಂತ 'ಬಿಟ್ಟು ಬಂದ ಕಡೆಗೆ ಹೇಗೆ ತಿರುಗಿ ಹೋಗಲಿ' ಎಂದು ಬರುವವರಿಗೇ ಈ ಜಾಗ ಹೆಚ್ಚು ಕೊಡುತ್ತದೆ.

ಇನ್ನು ವ್ಯವಹಾರದ ಮಾತು. ಮುಂಚೆಯೇ ಬರೆದು ಒಪ್ಪಿಗೆ ಪಡೆದು ಹೋಗಿ. ಎಷ್ಟು ಜನ, ಎಷ್ಟು ವಯಸ್ಸು, ಯಾವ ದಿನ ಬರುವುದು, ಯಾವ ದಿನ ಹೊರಡುವುದು, ಮೆಟ್ಟಿಲು ಹತ್ತಲು ತೊಂದರೆ ಉಂಟೋ ಎಂಬುದನ್ನು ಮೊದಲ ಪತ್ರದಲ್ಲೇ ತಿಳಿಸಿದರೆ ಎರಡನೆಯ ಪತ್ರ ಬೇಕಾಗುವುದಿಲ್ಲ. ಮೊದಲ ಸಲ ಬರುವವರಿಗೆ ಸಾಮಾನ್ಯವಾಗಿ ಎರಡು ಮೂರು ದಿನದ ವಾಸ ಸಿಗುತ್ತದೆ. ಕೋಣೆಗಾಗಲಿ ಊಟಕ್ಕಾಗಲಿ ದರ ಇಲ್ಲ, ಕಾಣಿಕೆ ನಿಮ್ಮ ಇಷ್ಟ. ದರ ಇಲ್ಲವೆಂದು ವಸತಿಗೃಹದಂತೆ ಬಳಸಿ ಬೇಕಲ ಕೋಟೆ, ಸಮುದ್ರತೀರ ಸುತ್ತುವವರೂ ಉಂಟು. ಅದು ನಿಜವಾಗಿ ಬೇಕಾದವರ ಹಾಸಿಗೆ ಕಸಿದಂತೆ. ಹನುಮಜ್ಜಯಂತಿಯ ಹೊತ್ತಿಗೂ ಜುಲೈ 25ರ ಆಚೀಚೆಗೂ (1963ರಲ್ಲಿ ಪಪ್ಪಾ ದೇಹ ಬಿಟ್ಟ ದಿನ ಅದು) ಜನ ಜಾಸ್ತಿ. ಸಂಭ್ರಮ ಬೇಕಾದವರು ಆಗ ಬನ್ನಿ, ತೀರ್ಮಾನ ಮಾಡಬೇಕಾದವರು ಬೇಡ.

ಮಂಗಳೂರು ಸೆಂಟ್ರಲ್‌ನಿಂದ ಕಾಞಂಗಾಡಿಗೆ ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ. ನಿಲ್ದಾಣದಿಂದ ಪೂರ್ವಕ್ಕೆ ಐದಾರು ಕಿಲೋಮೀಟರ್, ಮಾವುಂಗಾಲ್ ಕಡೆಗೆ. 'ಆನಂದಾಶ್ರಮ' ಎಂದರೆ ಆಟೋದವರಿಗೆ ಬೇರೆ ಗುರುತು ಬೇಕಿಲ್ಲ. ಪಾಣತ್ತೂರು ಕಡೆಯ ಬಸ್ಸುಗಳೂ ಮಾವುಂಗಾಲ್ ಹಾದೇ ಹೋಗುತ್ತವೆ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಗೆದ ಬಟ್ಟೆ ಮೂರು ದಿನಕ್ಕೂ ಒಣಗದು. ಆದ್ದರಿಂದ ಎರಡು ಜೊತೆ ಹೆಚ್ಚು ಬಟ್ಟೆ, ಕೊಡೆ, ಟಾರ್ಚು, ಹೊದಿಯಲು ಒಂದು ತೆಳು ಬೆಡ್‌ಶೀಟ್ ಜೊತೆಗಿರಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮರೆತು ಬಂದು ಪೇಟೆಗೆ ಓಡುವ ಹಾಗೆ ಮಾಡಿಕೊಳ್ಳಬೇಡಿ. ಇಲ್ಲಿ ಅರ್ಧ ದಿನ ಹೋದರೆ ಆರರಲ್ಲಿ ಒಂದು ಪಾಲು ಹೋದಂತೆ.

ಊಟ ಚೆನ್ನಾಗಿಯೇ ಇದೆ, ಅದರ ಬಗ್ಗೆ ಉದ್ದಕ್ಕೆ ಬರೆಯುವ ಅಗತ್ಯ ಇಲ್ಲ. ಗಂಟೆಗೆ ಸರಿಯಾಗಿ ಹೋಗಿ, ಬೇಕಾದಷ್ಟೇ ಬಡಿಸಿಕೊಳ್ಳಿ.

ಇಲ್ಲಿ ಸಿಗುವ ನಿಜವಾದ ಸೇವೆ ಭಜನೆಯ ಹಾಲ್‌ನಲ್ಲಿ ಸಿಗುತ್ತದೆ. ಹಗಲಿಡೀ ರಾಮನಾಮ. ಒಬ್ಬರು ಹೇಳುತ್ತಾರೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಯಾವಾಗ ಬೇಕಾದರೂ ಸೇರಿಕೊಳ್ಳಬಹುದು. ಕೋರ್ಸ್ ಇಲ್ಲ, ಹಂತಗಳಿಲ್ಲ, ಕೊನೆಗೆ ಪ್ರಮಾಣಪತ್ರವೂ ಇಲ್ಲ. ಮೊದಲ ಗಂಟೆಯಲ್ಲಿ ಹೆಚ್ಚಿನವರಿಗೆ ಬೇಸರ ಬರುತ್ತದೆ, ಎರಡನೆಯದರಲ್ಲಿ ಸೊಂಟ ನೋಯುತ್ತದೆ. ಗೋಡೆಗೆ ಒರಗಿ ಕೂತರೆ ತಪ್ಪಿಲ್ಲ. ಮೊಣಕಾಲು ಬಗ್ಗದವರು ಮೊದಲೇ ಹೇಳಿ ಕುರ್ಚಿ ಕೇಳಿಕೊಳ್ಳಿ. ನೋವು ಸಹಿಸಿಕೊಂಡು ಕೂತರೆ ಮನಸ್ಸಿಗೆ ನೋವಿನದೇ ಜಪ ಆಗುತ್ತದೆ.

ನಾಮದ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಓಂ ಬಿಟ್ಟು ಎಣಿಸಿದರೆ ಹದಿಮೂರು ಅಕ್ಷರ: ಶ್ರೀ, ರಾ, ಮ, ಜ, ಯ, ರಾ, ಮ, ಜ, ಯ, ಜ, ಯ, ರಾ, ಮ. ನಡುವೆ ಒಮ್ಮೆ 'ಜಯ್', ಕೊನೆಯಲ್ಲಿ ಎರಡು ಸಲ 'ಜಯ್ ಜಯ್'. ಗಮನ ತಪ್ಪಿದ್ದು ಗೊತ್ತಾಗುವುದು ಈ ಜೋಡಿ 'ಜಯ್' ಇರುವ ಜಾಗದಲ್ಲೇ. ಮನಸ್ಸು ಅಣ್ಣನ ಮನೆಗೋ ಕೋರ್ಟಿಗೋ ಹೋದೊಡನೆ ನಾಲಿಗೆ ಒಂದೇ 'ಜಯ್' ಹೇಳಿ ಮುಗಿಸುತ್ತದೆ, ಇಲ್ಲವೇ ಮೂರು ಹೇಳುತ್ತದೆ. ಪಕ್ಕದವರ ದನಿಗೂ ನಿಮ್ಮ ದನಿಗೂ ಒಂದು ಮಾತ್ರೆಯ ಅಂತರ ಬೀಳುತ್ತದೆ. ಬೈದುಕೊಳ್ಳದೆ ಮುಂದಿನ 'ಓಂ'ಗೆ ಸೇರಿಕೊಳ್ಳಿ. ಆದರೆ ಯಾವ ಯೋಚನೆಯ ಮೇಲೆ ಎಡವಿದಿರಿ ಎಂಬುದನ್ನು ನೆನಪಿಟ್ಟುಕೊಳ್ಳಿ. ಒಂದು ಬೆಳಗ್ಗೆ ಐದಾರು ಸಲ ಒಂದೇ ವಿಷಯದ ಮೇಲೆ ಎಡವಿದರೆ ನೀವು ಹೊತ್ತು ತಂದ ಪ್ರಶ್ನೆ ಅದೇ. ಪತ್ರದಲ್ಲಿ ಬರೆದುಕೊಂಡು ಬಂದ ಪ್ರಶ್ನೆ ಬೇರೆ ಇದ್ದರೂ ಇದನ್ನೇ ನಂಬಿ.

ಒಬ್ಬರೇ ಜಪ ಮಾಡುವಾಗ ಒಂದು ನಾಮಕ್ಕೆ ನಾಲ್ಕು ಸೆಕೆಂಡ್ ಹಿಡಿದರೆ 108ರ ಒಂದು ಮಾಲೆಗೆ ಏಳು ನಿಮಿಷ. ಲೆಕ್ಕಕ್ಕೆ ನೂರೇ ಹಿಡಿಯುತ್ತಾರೆ, ಉಳಿದ ಎಂಟು ತಪ್ಪಿದ್ದಕ್ಕೆ. ಮಾಲೆಯ ತುದಿಯ ಮೇರುಮಣಿ ದಾಟಬಾರದು, ಮಾಲೆ ತಿರುಗಿಸಿಕೊಳ್ಳಿ. ಕೃಷ್ಣಾಬಾಯಿಯವರು ಲೋಕಶಾಂತಿಗಾಗಿ 15,500 ಕೋಟಿ ನಾಮಜಪದ ಸಂಕಲ್ಪ ಮಾಡಿದ್ದರು, ಭಕ್ತರು ಲೆಕ್ಕ ಕಳಿಸುತ್ತಿದ್ದದ್ದು ಅದಕ್ಕೆ. ಇನ್ನೊಬ್ಬರಿಗಾಗಿ ಎಣಿಸುವ ಈ ಅಭ್ಯಾಸ ಕಷ್ಟದ ಕರೆ ಹೊತ್ತವರಿಗೆ ತುಂಬಾ ಒಳ್ಳೆಯದು. ಹತ್ತು ಮಾಲೆಯನ್ನು ನೀವು ಹೋಗಲು ಒಲ್ಲದ ಮನೆಯವರ ಹೆಸರಿನಲ್ಲಿ ಹೇಳಿ ನೋಡಿ. ಮೂರನೆಯ ಮಾಲೆಗೆ ಸಿಟ್ಟು ಏರುತ್ತದೆ, ಅದು ಸಹಜ. ನಿಲ್ಲಿಸಬೇಡಿ.

ದಿನಗಳನ್ನು ಹಂಚಿಕೊಳ್ಳುವ ಬಗೆ ಹೀಗಿರಲಿ. ಮೊದಲ ದಿನ ಪ್ರಶ್ನೆಯ ತಂಟೆಗೇ ಹೋಗಬೇಡಿ. ನಿದ್ದೆ, ನಾಮ, ಊಟ, ಸಮಾಧಿಮಂದಿರದಲ್ಲಿ ಕೂರುವುದು, ಅಷ್ಟೇ. ಫೋನ್ ಆರಿಸಿ ಚೀಲದ ತಳಕ್ಕೆ ಹಾಕಿ, ಮನೆಯವರಿಗೆ ದಿನಕ್ಕೊಂದು ಹೊತ್ತು ಗೊತ್ತು ಮಾಡಿಡಿ. ಎರಡನೆಯ ದಿನ ಬೆಳಗ್ಗಿನ ನಾಮ ಆದ ಮೇಲೆ ಒಂದು ಹಾಳೆಯಲ್ಲಿ ಕರೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದರಲ್ಲಿ ಒಬ್ಬ ವ್ಯಕ್ತಿ, ಒಂದು ಜಾಗ, ಒಂದು ಕೆಲಸ ಇರಬೇಕು. 'ಎಲ್ಲರನ್ನೂ ಕ್ಷಮಿಸಬೇಕು' ಎಂಬುದು ಕರೆ ಅಲ್ಲ, ಸುಭಾಷಿತ. 'ಭಾನುವಾರ ಅಣ್ಣನ ಮನೆಗೆ ಹೋಗಿ ಬಾವಿಯ ನೀರಿನ ಪಾಲು ಬಿಟ್ಟುಕೊಡುತ್ತೇನೆ ಎನ್ನಬೇಕು' ಎಂಬುದು ಕರೆ. ಮೂರನೆಯ ದಿನ ಅದೇ ಹಾಳೆ ಮತ್ತೆ ತೆಗೆದು ಓದಿ. ರಾತ್ರಿ ಕಳೆದ ಮೇಲೂ ವಾಕ್ಯ ಹಾಗೆಯೇ ನಿಂತಿದೆಯೇ ನೋಡಿ.

ನಿಜವಾದ ಪ್ರೇರಣೆಗೂ ನಮ್ಮದೇ ಹಟ, ಭಯ, ಅಪರಾಧಭಾವಕ್ಕೂ ಇರುವ ವ್ಯತ್ಯಾಸ ಮಾತಿನ ಉದ್ದದಲ್ಲೇ ಗೊತ್ತಾಗುತ್ತದೆ. ಭಯ ತುಂಬಾ ಮಾತಾಡುತ್ತದೆ, ಹೀಗಾದರೆ ಹಾಗಾದರೆ ಎಂದು ಚಿತ್ರ ಮೇಲೆ ಚಿತ್ರ ತೋರಿಸುತ್ತದೆ. ಪ್ರೇರಣೆಯದು ನಾಲ್ಕೈದು ಪದ. ವಾದಕ್ಕೆ ನಿಲ್ಲದು, ಆದರೆ ನಾಳೆಯೂ ಅದೇ ಪದಗಳಲ್ಲಿ ಬರುತ್ತದೆ. ಸಿಟ್ಟಿನಿಂದ ಬಂದದ್ದಕ್ಕೆ ನೋಡುವವರು ಬೇಕು: ನಾನು ಹೀಗೆ ಮಾಡಿದೆ ಎಂದು ಯಾರಿಗೆ ಹೇಳಲಿ ಎಂಬ ಯೋಚನೆ ಜೊತೆಯಲ್ಲೇ ಬಂದರೆ ಎಚ್ಚರ. ಅಪರಾಧಭಾವಕ್ಕೆ ಎಲ್ಲವನ್ನೂ ಒಂದೇ ಸಲಕ್ಕೆ ತೀರಿಸುವ ಅವಸರ. ತೋಟ ಮಾರಿಬಿಡು, ಕೆಲಸ ಬಿಟ್ಟುಬಿಡು ಎನ್ನುತ್ತದೆ. ಪ್ರೇರಣೆ ಮುಂದಿನ ಒಂದು ಹೆಜ್ಜೆ ಮಾತ್ರ ತೋರಿಸುತ್ತದೆ, ಅದರಾಚೆ ಕೇಳಿದರೆ ಸುಮ್ಮನಿರುತ್ತದೆ. ಎಲ್ಲಕ್ಕಿಂತ ಗಟ್ಟಿಯಾದ ಪರೀಕ್ಷೆ: ಇದನ್ನು ಮಾಡಲು ಮನೆಯಲ್ಲಿ ಯಾರಿಗಾದರೂ ಸುಳ್ಳು ಹೇಳಬೇಕಾಗುತ್ತದೆಯೇ? ಹೌದಾದರೆ ನಿಲ್ಲಿ. ರಾಮದಾಸರು ಹೊರಡುವಾಗಲೂ ಪತ್ರ ಬರೆದಿಟ್ಟೇ ಹೊರಟದ್ದು. ಇನ್ನೂ ಒಂದುಂಟು. ನಿಮ್ಮ ಹೆಜ್ಜೆಯಿಂದ ತೊಂದರೆಯಾಗುವುದು ಯಾರಿಗೋ ಅವರನ್ನೇ ಕೇಳಿ. ಅತ್ತೆಯನ್ನು ಮನೆಗೆ ಕರೆತರುವ ಕರೆ ಗಂಡನಿಗೆ ಬಂದು, ಆರೈಕೆಯ ಭಾರ ಪೂರ್ತಿ ಹೆಂಡತಿಯ ಮೇಲೆ ಬೀಳುವುದಾದರೆ ಆ ಕರೆ ಇನ್ನೂ ಅರ್ಧ ಕೇಳಿದ್ದು.

ಆಶ್ರಮ ಏನು ಮಾಡುವುದಿಲ್ಲ ಎಂಬುದನ್ನೂ ತಿಳಿದೇ ಬನ್ನಿ. 'ಹೋಗು' ಎಂದೋ 'ಬೇಡ' ಎಂದೋ ಯಾರೂ ಹೇಳುವುದಿಲ್ಲ. ಆಪ್ತಸಲಹೆಯ ಕೇಂದ್ರ ಇದಲ್ಲ, ಚಿಕಿತ್ಸಾಲಯವೂ ಅಲ್ಲ. ನಾಲ್ಕೈದು ರಾತ್ರಿ ನಿದ್ದೆ ಇಲ್ಲದವರು, ಹೊರಗಿನಿಂದ ದನಿ ಕೇಳಿ ಅದು ಅಪ್ಪಣೆ ಕೊಡುತ್ತಿದೆ ಎನ್ನುವವರು, ತನಗೋ ಇತರರಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಇರುವವರು ಮೊದಲು ಮನೋವೈದ್ಯರಲ್ಲಿಗೆ ಹೋಗಬೇಕು. 14416ಕ್ಕೆ ಕರೆ ಮಾಡಿದರೆ ಸರಕಾರದ ಟೆಲಿ ಮಾನಸ್ ಸೇವೆ ಉಚಿತವಾಗಿ ಸಿಗುತ್ತದೆ. ಅಂಥವರಿಗೆ ಹಗಲಿಡೀ ನಾಮ, ಮೌನ, ಏಕಾಂತ ಹಿಡಿಸದೆಯೂ ಹೋಗಬಹುದು. ಹಾಗೆಯೇ ಹೊಡೆಯುವ ಮನೆಗೆ ತಿರುಗಿ ಹೋಗು ಎಂದು ಒಳಗಿನಿಂದ ಬರುವ ಮಾತನ್ನು ದೈವಪ್ರೇರಣೆ ಎಂದುಕೊಂಡು ಹೊರಡುವ ಹೆಂಗಸರಿದ್ದಾರೆ. ಅದು ವರ್ಷಗಳ ಹೆದರಿಕೆ ಕಲಿಸಿದ ಮಾತು. ಮಹಿಳಾ ಸಹಾಯವಾಣಿ 181. ಕಷ್ಟದ ಜಾಗ ಬೇರೆ, ಪ್ರಾಣಕ್ಕೆ ಅಪಾಯದ ಜಾಗ ಬೇರೆ.

ಕರೆ ಸೇವೆಯ ಕಡೆಗೆ ತೋರಿಸಿದರೆ ಈ ಜಿಲ್ಲೆಯಲ್ಲಿ ದೂರ ಹುಡುಕಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿಯ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷದ ಕೀಟನಾಶಕ ಸಿಂಪಡಿಸಿದರು. ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿದ್ದು 2011ರಲ್ಲಿ. ಎಣ್ಮಕಜೆಯ ಪಡ್ರೆಯಂಥ ಕನ್ನಡ ಮಾತಾಡುವ ಊರುಗಳಲ್ಲಿ ಹಾಸಿಗೆಯಲ್ಲೇ ಬೆಳೆದು ದೊಡ್ಡವರಾದ ಮಕ್ಕಳಿದ್ದಾರೆ, ಮುದುಕಿಯರಾಗುತ್ತಿರುವ ತಾಯಂದಿರಿದ್ದಾರೆ. ಅಲ್ಲಿಗೆ ನೇರವಾಗಿ ಹಣ್ಣು, ಕ್ಯಾಮೆರಾ ಹಿಡಿದು ಹೋಗುವುದು ಬೇಡ, ಹಾಗೆ ಬಂದು ಹೋದವರನ್ನು ಅವರು ಬೇಕಾದಷ್ಟು ಕಂಡಿದ್ದಾರೆ. ಕೇರಳದಲ್ಲಿ 2008ರಿಂದ ಉಪಶಾಮಕ ಆರೈಕೆಗೆ (ಪಾಲಿಯೇಟಿವ್, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ಸರಕಾರದ ನೀತಿಯೇ ಇದೆ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಮನೆಗೆ ಹೋಗುತ್ತಾರೆ. ಊರಿನ ಆರೋಗ್ಯ ಕೇಂದ್ರದಲ್ಲಿ ಕೇಳಿ, ಅವರ ಜೊತೆಗೆ, ಅವರು ಹೇಳಿದ ದಿನ ಹೋಗಿ.

ಅಲ್ಲಿ ಒಳಗಿನ ಕರೆ ಕೈಕೆಲಸವಾಗಿ ಇಳಿಯುವುದು ಹೀಗೆ. ತಾನೇ ಮಗ್ಗುಲು ಬದಲಿಸಲಾಗದವರನ್ನು ಎರಡು ಗಂಟೆಗೊಮ್ಮೆ ತಿರುಗಿಸಿ ಮಲಗಿಸಬೇಕು. ಎಳೆಯಬಾರದು, ಎಳೆದರೆ ಚರ್ಮ ಸುಲಿಯುತ್ತದೆ. ಮೈಯಡಿ ಮಡಚಿದ ಬಟ್ಟೆ ಇಟ್ಟು ಇಬ್ಬರು ಎತ್ತಿ ಸರಿಸಬೇಕು. ತಿರುಗಿಸುವಾಗ ಹಿಮ್ಮಡಿ, ಸೊಂಟದ ಎರಡು ಬದಿ, ಬೆನ್ನುಮೂಳೆಯ ಕೊನೆ ನೋಡಿ. ಕೆಂಪಾಗಿದ್ದರೆ ಬೆರಳಿಂದ ಒತ್ತಿ ಬಿಡಿ. ಬಿಳಿಯಾಗಿ ಮತ್ತೆ ಕೆಂಪಾದರೆ ಸದ್ಯಕ್ಕೆ ಸರಿ. ಒತ್ತಿದರೂ ಕೆಂಪು ಹೋಗದಿದ್ದರೆ ಹುಣ್ಣಿನ ಶುರು, ಅಂದೇ ನರ್ಸ್‌ಗೆ ತಿಳಿಸಬೇಕು. ಆ ಜಾಗವನ್ನು ತಿಕ್ಕಬೇಡಿ, ಎಣ್ಣೆ ಹಾಕಿ ತಿಕ್ಕುವ ಅಭ್ಯಾಸ ನಮ್ಮಲ್ಲಿ ಹೆಚ್ಚು, ಅದರಿಂದ ಒಳಗಿನ ಚರ್ಮ ಇನ್ನೂ ಕೆಡುತ್ತದೆ. ಗಂಜಿ ಕೊಡುವಾಗ ಬೆನ್ನಿಗೆ ತಲೆದಿಂಬು ಕೊಟ್ಟು ಕೂರಿಸಿ, ಚಿಕ್ಕ ಚಮಚ, ಒಂದು ನುಂಗಿದ ಮೇಲೆ ಇನ್ನೊಂದು. ಊಟ ಆಗಿ ಅರ್ಧ ಗಂಟೆ ಮಲಗಿಸಬೇಡಿ. ಇಷ್ಟು ಹೊತ್ತು ತಾಯಿಗೆ ನಿದ್ದೆ ಮಾಡಲು ಸಿಗುತ್ತದೆ, ಅವರಿಗೆ ನಿಮ್ಮಿಂದ ಆಗುವ ಮೊದಲ ಉಪಕಾರ ಅದೇ. ಎರಡು ತಿಂಗಳು ಬಂದು ಮೂರನೆಯ ತಿಂಗಳು ಬರದೆ ಹೋಗುವುದು ಬಾರದೆ ಇರುವುದಕ್ಕಿಂತ ಕೆಟ್ಟದು. ಆದ್ದರಿಂದ ವಾರಕ್ಕೆ ಎರಡು ದಿನ ಎಂದು ಹಾಳೆಯಲ್ಲಿ ಬರೆದುಕೊಂಡವರು ಅದನ್ನು ತಿಂಗಳಿಗೆ ಎರಡು ದಿನ ಎಂದು ತಿದ್ದಿ, ವರ್ಷವಿಡೀ ನಡೆಸಿ.

ಸಮಯ ಉಳಿದರೆ ಹೊಸದುರ್ಗದ ನಿತ್ಯಾನಂದಾಶ್ರಮಕ್ಕೆ ಹೋಗಿ ಬನ್ನಿ, ಮುರಕಲ್ಲಿನಲ್ಲಿ ಕೊರೆದ ಗುಹೆಗಳಿವೆ. ಮಂಗಳೂರಿನಿಂದ ಬರುವವರು ಬರುವ ದಿನವೇ ಕದ್ರಿ ಗುಡ್ಡ ಹತ್ತಿ ಪಂಚಪಾಂಡವ ಗುಹೆ ನೋಡಿದರೆ ರಾಮದಾಸರ ಕಥೆಗೆ ಒಂದು ಜಾಗ ಸಿಕ್ಕಿದಂತಾಗುತ್ತದೆ.

ಹೊರಡುವ ದಿನದ್ದೊಂದು ಸೂಚನೆ. ಕಾಞಂಗಾಡು ನಿಲ್ದಾಣದಲ್ಲಿ ಅಭ್ಯಾಸಬಲದಿಂದ ಮನೆಗೆ ಟಿಕೆಟ್ ತೆಗೆಯಬೇಡಿ. ಹಾಳೆಯಲ್ಲಿ ಬರೆದ ಜಾಗ ದಾರಿಯಲ್ಲೇ ಇದ್ದರೆ ಅಲ್ಲಿಗೇ ತೆಗೆಯಿರಿ. ಮನೆಗೆ ಹೋಗಿ ಬಟ್ಟೆ ಒಗೆದು ಎರಡು ದಿನ ಕಳೆದರೆ ಭಯ ತನ್ನ ವಾದವನ್ನೆಲ್ಲ ಮತ್ತೆ ಜೋಡಿಸಿಕೊಂಡಿರುತ್ತದೆ. ಪೆರ್ಲ, ಪಡ್ರೆ ಕಡೆಗೆ ಹೋಗುವವರಾದರೆ ಕಾಸರಗೋಡಿನಲ್ಲಿ ಇಳಿದು ಬದಿಯಡ್ಕ ಮೂಲಕ ಪೆರ್ಲಕ್ಕೆ ಹೋಗುವ ಬಸ್ಸು ಹಿಡಿಯಿರಿ. ಆರೋಗ್ಯ ಕೇಂದ್ರದಲ್ಲಿ ನರ್ಸ್ ಸಿಗುವುದು ಬೆಳಗ್ಗೆ, ಮನೆಗಳ ಸುತ್ತಿಗೆ ಹೊರಡುವ ಮೊದಲು, ಹಾಗಾಗಿ ಆಶ್ರಮದಿಂದ ಬೇಗ ಹೊರಡುವ ಹಾಗೆ ಹಿಂದಿನ ರಾತ್ರಿಯೇ ಕಚೇರಿಯಲ್ಲಿ ಹೇಳಿಡಿ.